ಹತ್ತರಲ್ಲಿ ಫೂಕೊ, ಹನ್ನೊಂದರಲ್ಲಿ ಕೈ ತೊಳಕೊ

ಜಗತ್ತಿನ ಇತಿಹಾಸವನ್ನು ಎಲ್ಲರಿಗಿಂತ ಮೇಲಿನ ಮಟ್ಟದಲ್ಲಿ, ಎಲ್ಲರಿಗಿಂತ ಎಳೆಯ ವಯಸ್ಸಿನಲ್ಲಿ ಓದಿ ಮುಗಿಸುವವರು ಯಾರು ಎಂದು ಯಾರಾದರೂ ಪಂದ್ಯ ಕಟ್ಟಿದರೆ ಪ್ಯಾರಿಸ್ಸಿನವರಿಗಾಗಲಿ ಬಾಸ್ಟನ್ನಿನವರಿಗಾಗಲಿ ಬಹುಮಾನ ಸಿಗುವ ಆಸೆ ಬೇಡ. ಲಾತೂರ ಜಿಲ್ಲೆಯ ಜಳಕೋಟದವರು ನಾವು ಅದನ್ನು ಹೊಡೆದುಕೊಂಡು ಬರುತ್ತೇವೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಬಸ್‌ಸ್ಟ್ಯಾಂಡಿನಲ್ಲಿ ದಖನಿ ಆಡುವ ನಮ್ಮ ಹದಿನೈದರ ಹುಡುಗನನ್ನು ತಡೆದು ನಿಲ್ಲಿಸಿ, 'ಫೂಕೊ ಅಂದ್ರ ಯಾರೋ ತಮ್ಮಾ?' ಎಂದು ಕೇಳಿ ನೋಡಿ. ತಲೆ ಕೆರೆದುಕೊಳ್ಳುವುದಿಲ್ಲ. 'ಆರ್ಕಿಯಾಲಜಿ ಆಫ್ ನಾಲೆಜ್ ಬರದಾಂವ್ರೀ. ಒಂದ್ ಮಾರ್ಕಿಂದು' ಎಂದು ಹೇಳಿ ಸೈಕಲ್ ಹತ್ತುತ್ತಾನೆ.

ಉತ್ಪ್ರೇಕ್ಷೆ ಎನ್ನಬೇಡಿ. 2018ರಲ್ಲಿ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ ಹತ್ತನೆಯ ಇಯತ್ತೆಗೆ ತಂದ ಇತಿಹಾಸದ ಪುಸ್ತಕ ರಾಜರ ಪಟ್ಟಿಯಿಂದ ಶುರುವಾಗುವುದಿಲ್ಲ, ಇತಿಹಾಸ ಬರೆದವರ ಇತಿಹಾಸದಿಂದ ಶುರುವಾಗುತ್ತದೆ. ಮೊದಲ ಪಾಠಕ್ಕೇ ಗ್ರೀಸಿನ ಹೆರೊಡೋಟಸ್ ಬರುತ್ತಾನೆ. ಅವನ ಬೆನ್ನಿಗೆ ರೆನೆ ದೆಕಾರ್ತ್, ವಾಲ್ಟೇರ್, ಹೆಗೆಲ್, ರಾಂಕೆ, ಮಾರ್ಕ್ಸ್, ಫ್ರಾನ್ಸಿನ ಅನಾಲ್ ಪಂಥ, ಸ್ತ್ರೀವಾದಿ ಇತಿಹಾಸ ಮತ್ತು ಸಿಮೋನ್ ದ ಬೋವಾ, ಕಟ್ಟಕಡೆಗೆ ಮಿಶೆಲ್ ಫೂಕೊ. ಎರಡನೆಯ ಪಾಠದಲ್ಲಿ ಭಾರತದ ಸರದಿ: ರಾಜವಾಡೆಯವರಿಂದ ಹಿಡಿದು ಮಹಾತ್ಮಾ ಫುಲೆಯವರ 'ಗುಲಾಮಗಿರಿ' ದಾಟಿ ರಣಜಿತ್ ಗುಹಾರ ತನಕ. ಬೇರೆ ಕಡೆ ಎಂ.ಎ. ಓದುವವರು ಸೆಮಿನಾರಿನಲ್ಲಿ ಬೆವರುತ್ತ ಉಚ್ಚರಿಸುವ ಹೆಸರುಗಳು ಇವು. ನಮ್ಮಲ್ಲಿ ಮೀಸೆ ಮೂಡುವ ಮುಂಚೆ ಇವರೆಲ್ಲರ ಪರಿಚಯ ಆಗಿ, ಪರಿಚಯದ ಹಿಂದೆಯೇ ಬೀಳ್ಕೊಡುಗೆಯೂ ಆಗಿಹೋಗುತ್ತದೆ.

ಪುಸ್ತಕವನ್ನು ಬೈಯಲು ನಾನು ಕೂತಿಲ್ಲ. ಅದನ್ನು ಬರೆದವರ ಆಸೆ ದೊಡ್ಡದು. ಇತಿಹಾಸವೆಂದರೆ ಇಸವಿ ಮತ್ತು ಇರಿತಗಳ ಪಟ್ಟಿಯಲ್ಲ, ಯಾರು ಬರೆದರು, ಯಾವ ಸಾಕ್ಷಿ ಇಟ್ಟುಕೊಂಡು ಬರೆದರು, ಯಾರನ್ನು ಬಿಟ್ಟು ಬರೆದರು ಎಂದು ಕೇಳುವುದು ಎಂಬ ಮಾತನ್ನು ಹಳ್ಳಿಯ ಮಗುವಿಗೂ ಮುಟ್ಟಿಸಬೇಕೆಂದು ಹೊರಟವರು ಅವರು. ಆ ಮಾತು ಪುಣೆಯಿಂದ ಹೊರಟು ಜಳಕೋಟ ಮುಟ್ಟುವಷ್ಟರಲ್ಲಿ ದಾರಿಯಲ್ಲಿ ಪರೀಕ್ಷೆ ಎಂಬುದೊಂದು ಸಿಗುತ್ತದೆ. ರಾಜ್ಯಶಾಸ್ತ್ರವನ್ನೂ ಸೇರಿಸಿ 40 ಅಂಕ. ಪುಸ್ತಕದ ಸ್ವಾಧ್ಯಾಯದಲ್ಲೇ ಕೊಟ್ಟಿದ್ದಾರೆ, ಯೋಗ್ಯ ಪರ್ಯಾಯ ಆರಿಸಿ: ಆಧುನಿಕ ಇತಿಹಾಸ ಲೇಖನದ ಜನಕ ಯಾರು? ವಾಲ್ಟೇರ್, ದೆಕಾರ್ತ್, ರಾಂಕೆ, ಮಾರ್ಕ್ಸ್. ಯಾವುದು ಜ್ಞಾನ, ಯಾವುದು ಅಲ್ಲ ಎಂದು ತೀರ್ಮಾನಿಸುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದನ್ನು ಫೂಕೊ ಜೀವಮಾನವಿಡೀ ಕೆದಕಿದ. ಆ ಅಧಿಕಾರ ಉತ್ತರಪತ್ರಿಕೆ ತಪಾಸುವವರ ಕೈಯಲ್ಲಿದೆ ಎಂದು ನಮ್ಮ ಪರೀಕ್ಷಾ ಮಂಡಳಿ ಒಂದೇ ಅಂಕದಲ್ಲಿ ಅವನಿಗೆ ತಿಳಿಸಿಕೊಟ್ಟಿದೆ.

ಮಾಸ್ತರರದೂ ತಪ್ಪಿಲ್ಲ. ಅನಾಲ್ ಪಂಥವನ್ನು ಒಂದು ತಾಸಿನಲ್ಲಿ ಮುಗಿಸಿ, ಮಧ್ಯಾಹ್ನದ ಊಟದ ಲೆಕ್ಕ ಬರೆದು, ಚುನಾವಣೆ ಬಂದರೆ ಮತದಾರರ ಪಟ್ಟಿ ಹಿಡಿದು ಓಣಿ ತಿರುಗಬೇಕಾದವರು ಅವರು. ಆದ್ದರಿಂದ ಪಾಠ ನಡೆಯುವುದು 'ಅಪೇಕ್ಷಿತ' ಪ್ರಶ್ನೆಗಳ ಪುಸ್ತಕದಲ್ಲಿ. ಅದು ಉದಗೀರದ ಬೇಳೆ ಮಿಲ್ಲಿನ ಕೆಲಸ. ಒಳಗೆ ಹೋಗುವಾಗ ಮೊಳಕೆ ಒಡೆಯಬಲ್ಲ ಇಡೀ ತೊಗರಿ, ಹೊರಬರುವಾಗ ಎಣ್ಣೆ ಸವರಿ ಮಿಂಚುವ ಹೋಳು. ಹೋಳು ಬೇಗ ಬೇಯುತ್ತದೆ, ಒಳ್ಳೆಯ ರೇಟೂ ಬರುತ್ತದೆ. ಬಿತ್ತಿದರೆ ಮಾತ್ರ ಹುಟ್ಟುವುದಿಲ್ಲ.

ಇನ್ನು ಕಾಲೇಜು ಮಟ್ಟದ ಇತಿಹಾಸವನ್ನು ಹೈಸ್ಕೂಲಿಗೇ ಯಾಕೆ ತುರುಕುತ್ತಾರೆ ಎಂಬ ಪ್ರಶ್ನೆಗೆ ಶಿಕ್ಷಣತಜ್ಞರು ನೂರು ಪುಟ ಬರೆದಾರು. ನಮ್ಮೂರಿನ ಯಾವ ತಾಯಿಯಾದರೂ ಒಂದು ವಾಕ್ಯದಲ್ಲಿ ಹೇಳುತ್ತಾಳೆ: 'ಹತ್ತನೇತ್ತ ಮುಗದ ಮ್ಯಾಲ ಹಿಸ್ಟರಿ ಎಲ್ಲದರೀ?' ಎಷ್ಟು ನಿಜ. ಹತ್ತು ಮುಗಿದ ಮರುದಿನ ಹುಡುಗ ಲಾತೂರಿನ ಬಸ್ ಹತ್ತುತ್ತಾನೆ. ಅಲ್ಲಿ ಟ್ಯೂಷನ್ ಏರಿಯಾ ಇದೆ, ನೀಟ್ ಇದೆ, ಜೆಇಇ ಇದೆ. ಆಳೆತ್ತರದ ಫ್ಲೆಕ್ಸುಗಳಲ್ಲಿ ಮಕ್ಕಳ ಮುಖ, ಮುಖದ ಕೆಳಗೆ ಅಂಕ. 'ಲಾತೂರ್ ಪ್ಯಾಟರ್ನ್' ಎಂದು ಇಡೀ ಮಹಾರಾಷ್ಟ್ರ ಕೈಮುಗಿಯುವ ಆ ದೇವಸ್ಥಾನದಲ್ಲಿ ಭೌತ, ರಸಾಯನ, ಜೀವಶಾಸ್ತ್ರ, ಗಣಿತ ಎಂಬ ನಾಲ್ಕೇ ವಿಗ್ರಹಗಳು. ಇತಿಹಾಸಕ್ಕೆ ಚಪ್ಪಲಿ ಬಿಡುವ ಕಟ್ಟೆಯ ಮೇಲೂ ಜಾಗವಿಲ್ಲ. ಅಂದಮೇಲೆ ಕಾಲೇಜಿನ ಇತಿಹಾಸವನ್ನು ಹೈಸ್ಕೂಲಿನಲ್ಲಿ ಓದಿಸದೆ ಇನ್ನೆಲ್ಲಿ ಓದಿಸಬೇಕು? ಕಾಲೇಜಿನಲ್ಲಂತೂ ಯಾರೂ ಓದುವುದಿಲ್ಲ.

ಇದು ಮರಾಠವಾಡಾದ ಬರಗಾಲದ ಬುದ್ಧಿ ಎಂದು ಬೆಂಗಳೂರಿನವರು ನಗಬಾರದು. ಜಗತ್ತಿನ ಅತಿ ಶ್ರೀಮಂತ ದೇಶವೂ ಇದೇ ಮಾಡುತ್ತದೆ, ಅಷ್ಟೇ ಅಚ್ಚುಕಟ್ಟಾಗಿ ಮತ್ತು ಡಾಲರಿನಲ್ಲಿ. ಅಮೆರಿಕದ ಕಾಲೇಜ್ ಬೋರ್ಡ್ 1955ರಿಂದ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್ ಎಂಬ ಏರ್ಪಾಟು ನಡೆಸುತ್ತಿದೆ. ಕರೆಯುವ ಹೆಸರು ಏಪಿ. ಹೈಸ್ಕೂಲಿನ ಮಗು ಕಾಲೇಜಿನ ಪಾಠವನ್ನು ಮುಂಚಿತವಾಗಿ ಓದಿ ಮೇ ತಿಂಗಳಲ್ಲಿ ಪರೀಕ್ಷೆ ಬರೆಯುತ್ತದೆ. ಐದರಲ್ಲಿ ಮೂರೋ ನಾಲ್ಕೋ ಬಂದರೆ ಹಲವು ಕಾಲೇಜುಗಳು 'ಕ್ರೆಡಿಟ್' ಕೊಡುತ್ತವೆ. ಅಂದರೆ, ಈ ವಿಷಯ ಓದಿಯಾಯಿತು, ಇನ್ನು ಇಲ್ಲಿ ಓದಬೇಕಿಲ್ಲ ಎಂಬ ಬಿಡುಗಡೆ ಪತ್ರ. ಜಗತ್ತಿನ ಇತಿಹಾಸದ ಏಪಿ ಪರೀಕ್ಷೆ ಶುರುವಾದದ್ದು 2002ರಲ್ಲಿ. ಅದನ್ನು ಹೆಚ್ಚಾಗಿ ಅಲ್ಲಿಯ ಹತ್ತನೆಯ ತರಗತಿಯವರೇ ತೆಗೆದುಕೊಳ್ಳುತ್ತಾರೆ. ಇಲ್ಲಿ ಹತ್ತು, ಅಲ್ಲಿಯೂ ಹತ್ತು.

ನ್ಯೂಜೆರ್ಸಿಯ ನಮ್ಮ ಅಣ್ಣನ ಮಗನೂ ಜಳಕೋಟದ ನಮ್ಮ ತಂಗಿಯ ಮಗನೂ ವೀಡಿಯೊ ಕಾಲಿನಲ್ಲಿ ಮಾತಾಡುತ್ತಿದ್ದಾಗ ನಾನು ಪಕ್ಕದಲ್ಲಿದ್ದೆ.

'ಏನ್ ಓದಲತ್ತೀ?'

'ವರ್ಲ್ಡ್ ಹಿಸ್ಟರಿ. ಏಪಿ.'

'ಏಪಿ ಅಂದ್ರ?'

'ಕಾಲೇಜಿಂದು ಈಗೇ ಓದೋದು.'

'ಯಾಕ?'

'ಮುಂದ ಕಾಲೇಜಿನ್ಯಾಗ ಓದೋದು ತಪ್ಪಲಿ ಅಂತ.'

'ನಮ್ದೂ ಹಂಗೇ ಅದ ಬಿಡು. ನಮ್ದು ಫೀ ಕಡಿಮಿ, ಅಷ್ಟೇ.'

ಎರಡು ಖಂಡಗಳ ಶಿಕ್ಷಣನೀತಿಯನ್ನು ಹುಡುಗರಿಬ್ಬರು ಅರ್ಧ ನಿಮಿಷದಲ್ಲಿ ಮುಗಿಸಿದರು. ಬೇಗ ಓದುವುದು ಎಂದರೆ ಬೇಗ ಕೈ ತೊಳೆದುಕೊಳ್ಳುವುದು. ಫ್ರೆಂಚ್ ಕ್ರಾಂತಿಯನ್ನು ಹದಿನೈದಕ್ಕೆ ಮುಗಿಸಿಬಿಟ್ಟರೆ ಹದಿನೆಂಟಕ್ಕೆ ಅದರ ಕಾಟ ಇರುವುದಿಲ್ಲ. ವ್ಯತ್ಯಾಸ ಇಷ್ಟೇ: ಅವರು ಪರೀಕ್ಷೆಗೆ ನೂರು ಡಾಲರಿನ ಆಸುಪಾಸು ಕಟ್ಟಿ ಇತಿಹಾಸದಿಂದ ಬಿಡುಗಡೆ ಕೊಂಡುಕೊಳ್ಳುತ್ತಾರೆ, ನಮಗೆ ಅದು ಸರಕಾರದ ಕಡೆಯಿಂದ ಬಹುತೇಕ ಪುಕ್ಕಟೆ.

ಏಪಿಯವರ ಪರೀಕ್ಷೆ ನಮ್ಮದಕ್ಕಿಂತ ಗಟ್ಟಿ ಎಂಬುದನ್ನು ಒಪ್ಪಬೇಕು. 55 ಪ್ರಶ್ನೆ, 55 ನಿಮಿಷ. ಅದಾದ ಮೇಲೆ ಸಣ್ಣ ಉತ್ತರಗಳು, ಒಂದು ಪ್ರಬಂಧ, ಜೊತೆಗೆ ಏಳು ದಾಖಲೆಗಳನ್ನು ಕೊಟ್ಟು ವಾದ ಕಟ್ಟಲು ಹೇಳುವ ಒಂದು ಗಂಟೆಯ ಪ್ರಶ್ನೆ. ಎಲ್ಲ ಸೇರಿ ಮೂರೂಕಾಲು ತಾಸು. ಕೂತು ಬರೆಯುವ ಮಗುವಿಗೆ ಯೋಚನೆ ಮಾಡದೆ ಗತ್ಯಂತರವಿಲ್ಲ. ಯೋಚನೆ ಯಾವ ಇಸವಿಯಿಂದ ಶುರು ಮಾಡಬೇಕು ಎಂಬುದನ್ನು ಮಾತ್ರ ಬೋರ್ಡೇ ಹೇಳುತ್ತದೆ.

ಆ ಇಸವಿಯ ಕಥೆ ಕೇಳುವಂಥದ್ದು. ಮೊದಲು ಅವರ ಜಗತ್ತು ಕ್ರಿಸ್ತಪೂರ್ವ 8000ದ ಆಸುಪಾಸಿನಿಂದ ಶುರುವಾಗುತ್ತಿತ್ತು. ಒಂದು ವರ್ಷದಲ್ಲಿ ಹತ್ತು ಸಾವಿರ ವರ್ಷ ಕಲಿಸಲು ಆಗುವುದಿಲ್ಲ ಎಂದು 2018ರಲ್ಲಿ ಬೋರ್ಡು ಜಗತ್ತನ್ನು 1450ಕ್ಕೆ ಮುಂದೂಡಿತು. ಅಲ್ಲಿಯ ಮಾಸ್ತರರು ಸಿಟ್ಟಿಗೆದ್ದರು. 1450ರಿಂದ ಹೊರಟರೆ ಯುರೋಪಿನವರು ಹಡಗು ಹತ್ತುವುದೇ ಜಗತ್ತಿನ ಮೊದಲ ಘಟನೆಯಾಗುತ್ತದೆ, ಆಫ್ರಿಕ, ಏಷ್ಯ, ಅಮೆರಿಕದ ಮೂಲನಿವಾಸಿಗಳು ಅವರು ಬಂದು ಎಬ್ಬಿಸುವ ತನಕ ಮಲಗಿದ್ದರು ಎಂದಾಗುತ್ತದೆ ಎಂದರು. ನ್ಯಾಯದ ಮಾತು. ಚೌಕಾಸಿ ನಡೆದು ಜುಲೈ ಹೊತ್ತಿಗೆ 1200ಕ್ಕೆ ವ್ಯಾಪಾರ ಕುದುರಿತು. 2019ರಿಂದ ಜಗತ್ತು 1200ರಲ್ಲಿ ಹುಟ್ಟುತ್ತಿದೆ.

ಈಗ ಜಳಕೋಟದಿಂದ ಬೆಳಿಗ್ಗೆ ಬಸ್ಸು ಹಿಡಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ತಲುಪಬಹುದಾದ ಕಲ್ಯಾಣದ ಕಡೆ ನೋಡಿ. ಬಿಜ್ಜಳನ ಭಂಡಾರ ನೋಡಿಕೊಳ್ಳುತ್ತಿದ್ದ ಬಸವಣ್ಣ, ಅಲ್ಲಿ ಸೇರಿದ ಮೋಚಿ, ಮಡಿವಾಳ, ಅಂಬಿಗ, ಕಟ್ಟಿಗೆ ಮಾರುವವ, ನೂಲುವ ಹೆಂಗಸರು, ಹರಳಯ್ಯ ಮಧುವರಸರ ಮನೆಗಳ ಮದುವೆ, ಎಳೆಹೂಟೆ, ರಾಜನ ಕೊಲೆ, ದಿಕ್ಕಾಪಾಲಾದ ಶರಣರು. ದುಡಿಯುವವರು ತಮ್ಮ ಮಾತನ್ನು ತಮ್ಮ ಭಾಷೆಯಲ್ಲಿ ತಾವೇ ಹೇಳಿದ ಇಂಥ ಘಟನೆ ಹನ್ನೆರಡನೆಯ ಶತಮಾನದ ಜಗತ್ತಿನಲ್ಲಿ ಇನ್ನೆಲ್ಲಿ ಆಯಿತು ಎಂದು ಹುಡುಕುವುದೇ ಒಂದು ಕಾಲೇಜು ಮಟ್ಟದ ಪ್ರಶ್ನೆ. ಆದರೆ ಬಿಜ್ಜಳ ಸತ್ತದ್ದು 1167-68ರ ಹೊತ್ತಿಗೆ. ಮೂವತ್ತು ಚಿಲ್ಲರೆ ವರ್ಷ ಅವಸರ ಮಾಡಿಬಿಟ್ಟರು. ಸ್ವಲ್ಪ ತಡೆದು ಕ್ರಾಂತಿ ಮಾಡಿದ್ದರೆ ಸಿಲೆಬಸ್ಸಿನ ಒಳಗೆ ಬೀಳುತ್ತಿದ್ದರು.

ಏಪಿಯಲ್ಲಿ ಭಕ್ತಿ ಚಳವಳಿಯ ಹೆಸರೇ ಇಲ್ಲ ಎಂದುಕೊಳ್ಳಬೇಡಿ. ಇದೆ. 'ಉದಾಹರಣೆಗಳು' ಎಂಬ ಸಾಲಿನಲ್ಲಿದೆ. ಪಕ್ಕದಲ್ಲೇ ವಿಜಯನಗರವೂ ಇದೆ. ಮಾಸ್ತರರಿಗೆ ಬೇಕೆನಿಸಿದರೆ ಹೇಳಬಹುದು, ಬೇಡವೆನಿಸಿದರೆ ಬೇರೆ ಉದಾಹರಣೆ ಎತ್ತಿಕೊಳ್ಳಬಹುದು. ಜಗತ್ತಿನ ಇತಿಹಾಸದಲ್ಲಿ ಕೆಲವರಿಗೆ ಅಧ್ಯಾಯ, ಉಳಿದವರಿಗೆ 'ಉದಾಹರಣೆಗೆ'.

ನಮ್ಮ ಕಡೆಯವರು ಹೀಗೆ ಇನ್ನೂ ಮೂರು ಸಲ ಜಗತ್ತಿನ ಇತಿಹಾಸದ ನಡುಮನೆಯಲ್ಲೇ ಕೂತಿದ್ದರು. ಯಾರೂ ಹಾಜರಿ ಹಾಕಿಕೊಳ್ಳಲಿಲ್ಲ.

ಮೊದಲನೆಯದು ಬೀದರಿನದು. ಜಳಕೋಟದ ಕನ್ನಡ ಮನೆಗಳ ನೆಂಟಸ್ತಿಕೆ ಇಂದಿಗೂ ಆ ದಿಕ್ಕಿಗೇ. ಕಾಸ್ಪಿಯನ್ ಸಮುದ್ರದ ದಂಡೆಯ ಗೀಲಾನಿನಿಂದ ಬಂದ ಮಹಮೂದ್ ಗವಾನ್ ಅಲ್ಲಿ ಬಹಮನಿ ಸುಲ್ತಾನನ ವಜೀರನಾಗಿ 1472ರಲ್ಲಿ ಮದರಸಾ ಕಟ್ಟಿಸಿದ. ಅದೇ ಹೊತ್ತಿಗೆ ರಷ್ಯದ ತ್ವೇರ್ ಊರಿನ ವ್ಯಾಪಾರಿ ಅಫಾನಾಸಿ ನಿಕಿಟಿನ್ ಒಂದು ಕುದುರೆ ಹಿಡಿದುಕೊಂಡು ಚೌಲ್ ಬಂದರಿನಲ್ಲಿ ಇಳಿದು, ಜುನ್ನರ ದಾಟಿ ಬೀದರಿಗೆ ಬಂದ. ಸರದಾರರ ಸೊಗಸು ಎಷ್ಟು, ರೈತರ ಬಡತನ ಎಷ್ಟು ಎಂದು ಎರಡನ್ನೂ ಬರೆದಿಟ್ಟ. ವಾಸ್ಕೋ ಡ ಗಾಮಾ ಕಲ್ಲಿಕೋಟೆಗೆ ಬರುವುದಕ್ಕೆ ಆಗ ಇನ್ನೂ ಹೆಚ್ಚುಕಡಿಮೆ ಮೂವತ್ತು ವರ್ಷ ಇತ್ತು. ಆದರೆ ಗಾಮಾ ಬಂದ ಇಸವಿ ಎರಡೂ ದೇಶದ ಮಕ್ಕಳಿಗೆ ಬಾಯಿಪಾಠ. ನಿಕಿಟಿನ್ ಯಾರಿಗೂ ಬೇಕಾಗಿಲ್ಲ. ತೋಪು ತಾರದೆ ಬರಿಯ ಕುದುರೆ ತಂದವನಿಗೆ ಯಾರು ಅಂಕ ಕೊಡುತ್ತಾರೆ?

ಗವಾನನ ಸಾವಿನಲ್ಲಿ ನಮ್ಮ ಪರೀಕ್ಷಾ ಮಂಡಳಿಗೊಂದು ಪಾಠವಿದೆ. ಅವನ ಮುದ್ರೆಯನ್ನು ಖಾಲಿ ಕಾಗದದ ಮೇಲೆ ಒತ್ತಿಸಿಕೊಂಡ ಹಗೆಗಳು ಅದರಲ್ಲಿ ಒರಿಸ್ಸಾದ ರಾಜನಿಗೆ ಕಳಿಸಿದಂತೆ ರಾಜದ್ರೋಹದ ಪತ್ರ ಬರೆದರಂತೆ. ಸುಲ್ತಾನ ವಿಚಾರಿಸದೆ 1481ರಲ್ಲಿ ತಲೆ ಹೊಡೆಸಿದ. 'ಬಿಟ್ಟ ಸ್ಥಳ ತುಂಬಿರಿ' ಎಂಬ ಪ್ರಶ್ನೆಯಿಂದ ಒಂದು ರಾಜ್ಯವೇ ಹಾಳಾದ ಉದಾಹರಣೆ ಇದಕ್ಕಿಂತ ಸ್ಪಷ್ಟವಾಗಿ ಬೇರೆ ಸಿಗಲಾರದು. ಆದರೂ ಮಂಡಳಿ ಆ ಪದ್ಧತಿಯನ್ನು ಕೈಬಿಟ್ಟಿಲ್ಲ.

ಎರಡನೆಯದು ನಮ್ಮ ಉದಗೀರದ್ದು. 1760ರ ಫೆಬ್ರವರಿ 3ರಂದು ಮರಾಠರ ಸೇನಾನಿ ಸದಾಶಿವರಾವ ಭಾವು ಇಲ್ಲಿ ನಿಜಾಮನ ಸೈನ್ಯವನ್ನು ಬಗ್ಗುಬಡಿದ. ಪುಸ್ತಕಗಳಲ್ಲಿ ಇದಕ್ಕೆ ಹೆಚ್ಚೆಂದರೆ ಪಾಣಿಪತ್ತಿನ ಹಿಂದಿನ ನಿಲ್ದಾಣದ ಮರ್ಯಾದೆ. ಆದರೆ ನಿಜಾಮ ಆಗ ಅಷ್ಟು ಮೆತ್ತಗಾಗಿದ್ದು ಯಾಕೆ? ವರ್ಷಗಟ್ಟಲೆ ಹೈದರಾಬಾದಿನ ದರ್ಬಾರನ್ನು ಆಡಿಸುತ್ತಿದ್ದ ಫ್ರೆಂಚ್ ಸೇನಾನಿ ಬುಸ್ಸಿಯನ್ನು 1758ರಲ್ಲಿ ಅವನ ಮೇಲಧಿಕಾರಿ ಲಾಲಿ ಕರ್ನಾಟಿಕ್ ಕಡೆ ಕರೆಸಿಕೊಂಡಿದ್ದ. ಲಾಲಿಗೆ ಇಂಗ್ಲಿಷರ ಜೊತೆ ಯುದ್ಧವಿತ್ತು. ಆ ಯುದ್ಧವೋ ಯುರೋಪಿನಲ್ಲಿ, ಕೆನಡಾದ ಕ್ವಿಬೆಕ್ಕಿನಲ್ಲಿ, ಬಂಗಾಳದಲ್ಲಿ ಒಟ್ಟಿಗೇ ನಡೆದಿದ್ದ ಏಳು ವರ್ಷದ ಯುದ್ಧ. 1760ರ ಜನವರಿ 22ಕ್ಕೆ ತಮಿಳುನಾಡಿನ ವಾಂದಿವಾಶ್‌ನಲ್ಲಿ ಬುಸ್ಸಿ ಸೆರೆಸಿಕ್ಕ. ಎರಡು ವಾರ ತುಂಬುವುದರೊಳಗೆ ನಿಜಾಮ ಉದಗೀರದಲ್ಲಿ ಸೋತ. ಫ್ರೆಂಚ್ ಕವಾಯತು ಕಲಿತು, ನಿಜಾಮನ ಚಾಕರಿ ಬಿಟ್ಟು ಮರಾಠರನ್ನು ಸೇರಿದ ಇಬ್ರಾಹಿಂ ಖಾನ್ ಗಾರ್ದಿ ಮರುವರ್ಷ ಜನವರಿ 14ರಂದು ಪಾಣಿಪತ್ತಿನಲ್ಲಿ ಭಾವುವಿನ ತೋಪುಗಳ ಹಿಂದೆ ನಿಂತಿದ್ದ.

ಅಂದರೆ ಕ್ವಿಬೆಕ್ಕಿನ ಜಗಳದ ಒಂದು ಎಳೆ ಉದಗೀರದ ಕೋಟೆಯ ಬುಡದಲ್ಲಿ ಗಂಟು ಹಾಕಿಕೊಂಡಿತ್ತು. ಏಪಿಯ ಹುಡುಗನಿಗೆ ಕ್ವಿಬೆಕ್ ಗೊತ್ತು, ಉದಗೀರ ಗೊತ್ತಿಲ್ಲ. ನಮ್ಮ ಹುಡುಗನಿಗೆ ಉದಗೀರ ಗೊತ್ತು, ಅಲ್ಲಿ ಎಸ್.ಟಿ. ಬಸ್ಸು ಬದಲಿಸಬೇಕು ಎಂಬಷ್ಟು.

ಮೂರನೆಯದು ನಮ್ಮ ಮುತ್ಯಾನ ಕಾಲದ್ದು. 1948ರ ಸೆಪ್ಟೆಂಬರ್ 16ರಂದು ಪ್ಯಾರಿಸ್ಸಿನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಭಾರತದ ವಿರುದ್ಧ ಹೈದರಾಬಾದ್ ಸಂಸ್ಥಾನ ಕೊಟ್ಟ ದೂರು ಕೈಗೆತ್ತಿಕೊಂಡಿತು. ಮರುದಿನ ನಿಜಾಮ ಶರಣಾದ. ಆ ಸಂಸ್ಥಾನದ ಪ್ರಜೆಗಳಲ್ಲಿ ಜಳಕೋಟದವರೂ ಇದ್ದರು, ಆ ಸಂಸ್ಥಾನದ ರಜಾಕಾರರ ನಾಯಕ ಕಾಸಿಂ ರಜ್ವಿ ನಮ್ಮ ಲಾತೂರಿನಲ್ಲೇ ವಕೀಲಿ ಮಾಡಿದವನು. ಅದೇ ಸೆಪ್ಟೆಂಬರ್ 17ಕ್ಕೆ ಈಗ ಗಡಿಯ ಈಚೆ ಮರಾಠವಾಡಾ ಮುಕ್ತಿಸಂಗ್ರಾಮ ದಿನ, ಆಚೆ ಕಲ್ಯಾಣ ಕರ್ನಾಟಕ ಉತ್ಸವ. ಒಂದೇ ಬಿಡುಗಡೆ, ಎರಡು ಪೆಂಡಾಲು. ಈ ಕಡೆಯ ಮಂತ್ರಿಗಳು ಒಂದು ಭಾಷಣ ಮಾಡುತ್ತಾರೆ, ಆ ಕಡೆಯ ಮಂತ್ರಿಗಳು ಇನ್ನೊಂದು. ಎರಡನ್ನೂ ಕೇಳಿದ ಬೀಗರು ಬೀಗರಾಗಿಯೇ ಉಳಿದಿದ್ದಾರೆ.

ಆಮೇಲೆ 1956ರ ನವೆಂಬರ್ 1. ರಾಜ್ಯ ಪುನರ್ವಿಂಗಡಣಾ ಕಾಯಿದೆಯ ಒಂದು ಸಾಲಿನಲ್ಲಿ ಬೀದರ ಜಿಲ್ಲೆಯ ಅಹಮದಪುರ, ನಿಲಂಗಾ, ಉದಗೀರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು, ಉಳಿದ ಬೀದರ ಬಹುಪಾಲು ಮೈಸೂರಿಗೆ. ಅಲ್ಪವಿರಾಮಗಳ ನಡುವೆ ಮೂರು ತಾಲೂಕು ದೇಶಾಂತರವಾದವು. ಸಾಮ್ರಾಜ್ಯಗಳ ವಿಸರ್ಜನೆ, ಗಡಿ ಎಳೆಯುವುದು, ಭಾಷಾ ಅಲ್ಪಸಂಖ್ಯಾತರು ಹುಟ್ಟಿಕೊಳ್ಳುವುದು ಎಂದು ಏಪಿಯವರು ಆಟೊಮನ್ ಸಾಮ್ರಾಜ್ಯವನ್ನು ಇಟ್ಟುಕೊಂಡು ವಾರಗಟ್ಟಲೆ ಕಲಿಸುವುದನ್ನು ನಮ್ಮ ಆಯಿ ಅಂಗಳದಲ್ಲಿ ಕೂತೇ ಮುಗಿಸಿದ್ದಳು: 'ಮಲಗುವಾಗ ಬೀದರ ಜಿಲ್ಲಾ ಇತ್ತಪಾ, ಏಳುವಾಗ ಉಸ್ಮಾನಾಬಾದ ಆಗಿತ್ತು. ಎಮ್ಮಿ ಮಾತ್ರ ಅದೇ ಇತ್ತು.' 1982ರಲ್ಲಿ ಲಾತೂರ ಜಿಲ್ಲೆ ಬಂದಾಗ ಎಮ್ಮೆಯೂ ಬದಲಾಗಿತ್ತು.

ಮುತ್ಯಾ ಓದಿದ್ದು ಉರ್ದುವಿನಲ್ಲಿ. ಉಸ್ಮಾನಿಯಾ ವಿಶ್ವವಿದ್ಯಾಲಯ 1918ರಲ್ಲಿ ಹುಟ್ಟುವ ಮುಂಚೆಯೇ ನಿಜಾಮನ ಸರಕಾರ ಭಾಷಾಂತರದ ಇಲಾಖೆ ತೆರೆದು, ಕಾಲೇಜು ಮಟ್ಟದ ಪುಸ್ತಕಗಳನ್ನು, ಅದರಲ್ಲಿ ಇತಿಹಾಸವನ್ನೂ, ಉರ್ದುವಿಗೆ ಇಳಿಸಲು ಜನರನ್ನು ಕೂಡಿಸಿತ್ತು. ಹಾಗಾಗಿ ಮುತ್ಯಾನಿಗೆ ಅಲೆಕ್ಸಾಂಡರ್ ಸಿಕಂದರ್, ಅರಿಸ್ಟಾಟಲ್ ಅರಸ್ತು, ಪ್ಲೇಟೊ ಅಫಲಾತೂನ್. ಅಪ್ಪನಿಗೆ ಅದೇ ಜಗತ್ತು ಮರಾಠಿಯಲ್ಲಿ ಬಂತು. ಈಗಿನ ಮೊಮ್ಮಗನಿಗೆ ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಬರುತ್ತಿದೆ. ಬಾಲಭಾರತಿ ಕನ್ನಡದಲ್ಲೂ ಪುಸ್ತಕ ಅಚ್ಚು ಹಾಕಿಸುತ್ತದೆ, ಅಕ್ಕಲಕೋಟ, ಜತ್ತದ ಕಡೆಯ ಕನ್ನಡ ಶಾಲೆಗಳಲ್ಲಿ ಫೂಕೊ ಕನ್ನಡದಲ್ಲೇ ಒಂದು ಅಂಕ ತಂದುಕೊಡುತ್ತಾನೆ. ನಮ್ಮ ಮನೆಗಳಲ್ಲಿ ಕನ್ನಡಕ್ಕೆ ಅಡುಗೆಮನೆಯ ಕೆಲಸ ಕೊಟ್ಟಿದ್ದೇವೆ. ಜಗತ್ತು ಪಡಸಾಲೆಗೆ ಬರುವ ಅತಿಥಿ, ಅದರ ಜೊತೆ ಬೇರೆ ಭಾಷೆ.

ಈಗ ವಿಚಾರಕ್ಕೆ ಬರೋಣ. ಬರಿ ಟೀಕೆ ಮಾಡುವವರನ್ನು ಯಾರೂ ಮೆಚ್ಚುವುದಿಲ್ಲ, ಪರ್ಯಾಯ ಕೊಡಬೇಕು. ಆದ್ದರಿಂದ ಜಳಕೋಟದಲ್ಲೇ ಒಂದು ಬೋರ್ಡು ತೆರೆಯಬೇಕೆಂದು ನನ್ನ ಪ್ರಸ್ತಾವ. ಅಮೆರಿಕದವರು ನಮ್ಮ ಮಕ್ಕಳಿಗೆ ಜಗತ್ತಿನ ಪರೀಕ್ಷೆ ಮಾಡಬಹುದಾದರೆ ನಾವು ಅವರ ಮಕ್ಕಳಿಗೆ ಯಾಕೆ ಮಾಡಬಾರದು? ನ್ಯೂಜೆರ್ಸಿ, ಟೆಕ್ಸಾಸ್, ಕ್ಯಾಲಿಫೋರ್ನಿಯಾದಲ್ಲಿ ಪರೀಕ್ಷಾ ಕೇಂದ್ರಗಳು. ಕಾಪಿ ತಡೆಯಲು ಇಲ್ಲಿಂದ ಭರಾರಿ ಪಥಕ, ಪ್ರಯಾಣಭತ್ತೆ ಪ್ರತ್ಯೇಕ.

ನಮ್ಮ ಜಗತ್ತು 1150ರಿಂದ ಶುರು. ಯಾಕೆ 1150 ಎಂದು ಕೇಳಬಾರದು, 1200 ಯಾಕೆ ಎಂದು ನಾವು ಕೇಳಿದೆವೆ? ತಮ್ಮ ರೋಮನ್ ಸಾಮ್ರಾಜ್ಯ ಬಿಟ್ಟುಹೋಯಿತು ಎಂದು ಯುರೋಪಿನವರು ಮೋರ್ಚಾ ತೆಗೆದರೆ 'ಉದಾಹರಣೆಗಳು' ಸಾಲಿನಲ್ಲಿ ಸೇರಿಸೋಣ. ಮಾಸ್ತರರಿಗೆ ಬೇಕೆನಿಸಿದರೆ ಹೇಳಬಹುದು.

ಬಿಟ್ಟ ಸ್ಥಳ ತುಂಬುವ ಪ್ರಶ್ನೆ ಇರುವುದಿಲ್ಲ, ಗವಾನನ ನೆನಪಿಗಾಗಿ.

ದಾಖಲೆ ಆಧಾರಿತ ಪ್ರಶ್ನೆಗೆ ಅವರ ಹಾಗೆ ಏಳು ದಾಖಲೆ. ಅವನ್ನು ಯಾವ ಮ್ಯೂಸಿಯಮ್ಮಿನಿಂದಲೂ ತರಬೇಕಾಗಿಲ್ಲ, ಜಳಕೋಟದ ಯಾವ ಮನೆಯ ಟ್ರಂಕಿನಲ್ಲಾದರೂ ಸಿಗುತ್ತವೆ. ಒಂದು, ಮುತ್ಯಾನ ಹೊಲದ ಉರ್ದು ಕಾಗದ, ಮನೆಯಲ್ಲಿ ಯಾರಿಗೂ ಓದಲು ಬರುವುದಿಲ್ಲ, ಆದರೆ ಯಾರೂ ಎಸೆಯುವುದಿಲ್ಲ. ಎರಡು, ಅದೇ ಹೊಲದ ಮರಾಠಿ ಪಹಣಿ, ಸಾತಬಾರಾ. ಮೂರು, ಚಾರ್‌ಮಿನಾರಿನ ಚಿತ್ರವಿರುವ ನಿಜಾಮನ ಕಾಲದ ಒಂದು ಹಾಲಿ ಸಿಕ್ಕಾ. ನಾಲ್ಕು, ಭಾಲ್ಕಿಗೆ ಕೊಟ್ಟ ಅಕ್ಕನ ಕನ್ನಡ ಲಗ್ನಪತ್ರಿಕೆ. ಐದು, ಅದೇ ಲಗ್ನದ ಮರಾಠಿ ಪತ್ರಿಕೆ, ಈ ಕಡೆಯ ಬೀಗರಿಗಾಗಿ. ಆರು, ಅಪ್ಪನ ಶಾಲೆ ಬಿಟ್ಟ ದಾಖಲೆ, ಅದರಲ್ಲಿ ಅಡ್ಡಹೆಸರು ಒಂದು ತರ. ಏಳು, ಅಣ್ಣನ ಪಾಸ್‌ಪೋರ್ಟು, ಅದರಲ್ಲಿ ಅಡ್ಡಹೆಸರು ಇನ್ನೊಂದು ತರ. ಪ್ರಶ್ನೆ: ಈ ಏಳೂ ಒಂದೇ ಮನೆಯವೆಂದು ಸಾಧಿಸಿರಿ. ವೇಳೆ ಒಂದು ತಾಸು. ಇದೇ ಪ್ರಶ್ನೆಗೆ ತಹಶೀಲ ಕಚೇರಿಯಲ್ಲಿ ನಮ್ಮ ಜನ ಎಷ್ಟು ವರ್ಷ ಉತ್ತರ ಬರೆದಿದ್ದಾರೆಂಬುದನ್ನು ಪರೀಕ್ಷಾರ್ಥಿಗಳು ಗಮನಿಸಬೇಕು.

ಕೊನೆಯದಾಗಿ ದೀರ್ಘ ಪ್ರಬಂಧ: 'ಜಗತ್ತಿನ ಇತಿಹಾಸವನ್ನು ಎಲ್ಲಿ ಕೂತು ಬರೆಯುತ್ತೇವೆಯೋ ಅಲ್ಲಿಯದೇ ಅದರ ಅಧ್ಯಾಯವಾಗುತ್ತದೆ, ಉಳಿದದ್ದು ಉದಾಹರಣೆ. ಫೂಕೊನ ನೆರವಿನಿಂದ ಚರ್ಚಿಸಿರಿ.' ಇಲ್ಲಿ ನಮ್ಮ ಹುಡುಗರಿಗೆ ಅನುಕೂಲ ಹೆಚ್ಚು ಎಂದು ಯಾರಾದರೂ ತಕರಾರು ತೆಗೆದಾರು. ಭಯ ಬೇಡ. ನಮ್ಮವರಿಗೂ ಅವನ ಪುಸ್ತಕದ ಹೆಸರು ಮಾತ್ರ ಗೊತ್ತು.

ಈ ಯೋಜನೆ ಹಿಡಿದುಕೊಂಡು ಲಾತೂರಿನ ಒಬ್ಬ ಕ್ಲಾಸ್ ಮಾಲಕರ ಹತ್ತಿರ ಹೋದೆ. ಹಾಲ್ ಅವರದು, ಫ್ಲೆಕ್ಸ್ ಅವರದು, ಪ್ರಶ್ನೆಪತ್ರಿಕೆ ನನ್ನದು ಎಂದೆ. ಚಹಾ ತರಿಸಿದರು. ಸಾವಧಾನವಾಗಿ ಎಲ್ಲ ಕೇಳಿದರು.

'ಎಲ್ಲಾ ಛಲೋ ಅದ ಸರ್. ಪಾಸಾದ್ರ ಏನ್ ಸಿಗ್ತದ?'

'ಮುಂದ ಕಾಲೇಜಿನ್ಯಾಗ ಇತಿಹಾಸ ಓದಲಿಕ್ಕಿ ಸೀಟ್ ಸಿಗ್ತದ.'

'ಮತ್ತ ಓದೋದಾ?' ಅವರ ಮುಖ ಬಿಳಚಿತು. 'ಪಾಸಾದವ್ರಿಗಿ ಮಾಫಿ ಇಲ್ಲಾ?'

'ಮಾಫಿ ನಪಾಸಾದವ್ರಿಗಿ.'

ಅವರು ಚಹಾದ ಕಪ್ಪು ಕೆಳಗಿಟ್ಟರು. 'ಸರ್, ನೀವು ಪರೀಕ್ಷಾ ಮಾಡಲತ್ತೀರೋ, ಶಿಕ್ಷಾ ಕೊಡಲತ್ತೀರೋ?'

ವ್ಯಾಪಾರಸ್ಥರು. ಎರಡರ ಗುಟ್ಟನ್ನೂ ಬಲ್ಲವರು. ಅವರ ಅಭಿಪ್ರಾಯವನ್ನು ಗೌರವಿಸಿ ಬೋರ್ಡಿನ ನಿಯಮಾವಳಿಯ ಕೊನೆಗೆ ಒಂದು ಕಲಮು ಸೇರಿಸಿದ್ದೇನೆ: ಜಗತ್ತಿನ ಇತಿಹಾಸ ತನ್ನ ಪಾಲಿಗೆ ಮುಗಿಯಿತು ಎಂದು ತಿಳಿದಿರುವ ಯಾವ ವಿದ್ಯಾರ್ಥಿಯೂ ಈ ಪರೀಕ್ಷೆಗೆ ಕೂಡುವ ಅಗತ್ಯವಿಲ್ಲ, ಅಂಥವರಿಗೆ ನಪಾಸಾದವರೆಂದು ಮನೆಗೇ ಪ್ರಮಾಣಪತ್ರ ಕಳಿಸಲಾಗುವುದು. ಅಂಚೆ ವೆಚ್ಚ ಬೋರ್ಡಿನದೇ. ಲಾತೂರಿನಿಂದ ನ್ಯೂಜೆರ್ಸಿಯ ತನಕ ವಿಳಾಸಗಳ ಪಟ್ಟಿ ಸಿದ್ಧವಾಗುತ್ತಿದೆ, ಸದ್ಯಕ್ಕೆ ಅಚ್ಚು ಹಾಕಿಸಲು ಕಾಗದದ್ದೇ ಕೊರತೆ.